ಶಿಶುವಿನ ಭಾಷಾ ಕಲಿಕೆ: ಸಕಾಲ ಮತ್ತು ಗಮನ

ಶಿಶುವು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದವನ್ನು ಆಡುತ್ತದೆ. ಆದರೆ ಕಲಿಕೆಯು ಅದಕ್ಕೂ ಬಹಳ ಮೊದಲೇ ಕಿವಿಯ ಮೂಲಕ ಆರಂಭಗೊಂಡಿರುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಮಾತಿನ 6ರಿಂದ 8 ತಿಂಗಳ ಶಿಶುಗಳು ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳ ವ್ಯತ್ಯಾಸವನ್ನು ಗುರುತಿಸಿದವು. 10ರಿಂದ 12 ತಿಂಗಳ ಶಿಶುಗಳಲ್ಲಿ ಈ ಸಾಮರ್ಥ್ಯವು ಬಹುಮಟ್ಟಿಗೆ ಕುಂದಿತ್ತು. ಕನ್ನಡದ ‘ಕತ್ತು’, ‘ಕಟ್ಟು’ಗಳನ್ನು ಬೇರ್ಪಡಿಸುವ ಶಕ್ತಿಯೂ ಇದೇ ಅವಧಿಯಲ್ಲಿ ಗಟ್ಟಿಗೊಳ್ಳುತ್ತದೆ.

ಧ್ವನಿಯು ಕಿವಿಗೆ ಬಿದ್ದರಷ್ಟೇ ಸಾಲದು. ಪ್ಯಾಟ್ರೀಷಿಯಾ ಕುಲ್ ಮತ್ತು ಸಹೋದ್ಯೋಗಿಗಳ 2003ರ ಅಧ್ಯಯನದಲ್ಲಿ, ಎದುರಿಗೆ ಕುಳಿತು ಆಟವಾಡಿಸಿದವರಿಂದ 9 ತಿಂಗಳ ಅಮೆರಿಕದ ಶಿಶುಗಳು ಚೀನೀ ಭಾಷೆಯ ಧ್ವನಿಗಳನ್ನು ಕಲಿತವು. ಅದೇ ಮಾತನ್ನು ಪರದೆಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ಮಗುವು ನೋಡುತ್ತಿರುವ ವಸ್ತುವನ್ನೇ ಹೆಸರಿಸಿ ಮಾತನಾಡುವ ಅಜ್ಜಿಯ ಕೆಲಸವನ್ನು ಮೊಬೈಲ್ ಮಾಡಲಾರದು.

ಕೇರಳ, ತಮಿಳುನಾಡುಗಳ ಗಡಿಗೆ ಹೊಂದಿರುವ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಹಲವು ಭಾಷೆಗಳು ಕಿವಿಗೆ ಬೀಳುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳಿಗೆ ಮನೆಯಲ್ಲಿ ಸೋಲಿಗನುಡಿ, ಅಂಗನವಾಡಿಯಲ್ಲಿ ಕನ್ನಡ. ಎರಡು ಭಾಷೆಗಳಿಂದ ಮಾತು ತಡವಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಮನೆಮಾತನ್ನು ಬಿಡಬೇಕಾಗಿಲ್ಲ.

ನಿಜವಾದ ಅಪಾಯವು ಗಮನಕ್ಕೆ ಬಾರದ ಕಿವುಡುತನದ್ದು. “ಅಪ್ಪನಿಗೂ ಮಾತು ತಡವಾಗಿಯೇ ಬಂದಿತ್ತು” ಎಂದು ಕಾಯುವುದರಲ್ಲಿ ಎರಡು, ಮೂರು ವರ್ಷಗಳು ಕಳೆದುಹೋಗುವುದುಂಟು. ಕೆಲವರು ತಟ್ಟೆ ಬಡಿದು, ಮಗು ತಿರುಗಿದರೆ ಸಮಾಧಾನಪಡುತ್ತಾರೆ. ದೊಡ್ಡ ಸದ್ದಿಗೆ ತಿರುಗುವ ಮಗುವಿಗೆ ಮೆಲುಮಾತಿನ ‘ಸ’, ‘ಶ’ಗಳು ಕೇಳಿಸದೇ ಇರಬಹುದು.

ಆದುದರಿಂದ 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ದೋಷದ ನಿರ್ಣಯ, 6 ತಿಂಗಳೊಳಗೆ ಶ್ರವಣ ಸಾಧನ ಹಾಗೂ ತರಬೇತಿ ಎಂಬ ಕ್ರಮವನ್ನು ತಜ್ಞರು ಸೂಚಿಸಿರುತ್ತಾರೆ. ಮಲಗಿರುವ ಶಿಶುವಿನ ಕಿವಿಯಲ್ಲಿ ಸಣ್ಣ ಸಾಧನವನ್ನಿರಿಸಿ ಕೆಲವೇ ನಿಮಿಷಗಳಲ್ಲಿ, ನೋವಿಲ್ಲದೆ ತಪಾಸಣೆ ಮಾಡಲಾಗುತ್ತದೆ. 1965ರಲ್ಲಿ ಸ್ಥಾಪಿತವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಚಾಮರಾಜನಗರದಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ಸಂಶಯವಿದ್ದಲ್ಲಿ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರಿಗೆ ಕೂಡಲೇ ತಿಳಿಸತಕ್ಕದ್ದು.

ಮೊದಲ ತಪಾಸಣೆಯಲ್ಲಿ ಉತ್ತೀರ್ಣವಾಗದ ಶಿಶುಗಳೆಲ್ಲವೂ ಕಿವುಡಲ್ಲ. ಹುಟ್ಟಿದಾಗ ಕಿವಿಯಲ್ಲಿ ಉಳಿದ ದ್ರವವೂ ಕಾರಣವಾಗಿರಬಹುದು. ಅಂತಹ ಶಿಶುಗಳನ್ನು ಮರುತಪಾಸಣೆಗೆ ತಪ್ಪದೇ ಕರೆತರಬೇಕು.