ಅನ್ನದ ಲಾರಿ ಬಿಡುವುದು ಗೆದ್ದವನ ಕೃಪೆಯಲ್ಲ

ಗಾಜಾದ ಗಡಿಯಲ್ಲಿ ಹಿಟ್ಟು, ಔಷಧ ಹೊತ್ತ ಲಾರಿಗಳು ಸಾಲುಗಟ್ಟಿ ನಿಂತಿವೆ ಎಂಬ ಸುದ್ದಿ ಬಂದಾಗಲೆಲ್ಲ ನಮ್ಮ ಟಿವಿ ಚರ್ಚೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: 'ಶತ್ರುವಿನ ಕಡೆಯವರಿಗೆ ಊಟ ಹಾಕು ಎಂದು ಯಾವ ದೇಶಕ್ಕಾದರೂ ಹೇಳಲಾದೀತೆ? ಇಸ್ರೇಲ್ ಇಷ್ಟಾದರೂ ಒಳಗೆ ಬಿಡುತ್ತಿದೆಯಲ್ಲ, ಅದೇ ದೊಡ್ಡ ಉಪಕಾರ.' ಚೆನ್ನಾಗಿ ಓದಿಕೊಂಡವರೂ ಇದನ್ನೇ ಹೇಳುವುದು ಕೇಳಿದರೆ ಸಿಟ್ಟು ಬರುತ್ತದೆ. 1949ರಿಂದ ಅಚ್ಚಿನಲ್ಲಿರುವ, ಜಗತ್ತಿನ ಎಲ್ಲ ದೇಶಗಳೂ ಒಪ್ಪಿಕೊಂಡಿರುವ ಕಾನೂನು ಇದಕ್ಕೆ ತದ್ವಿರುದ್ಧವಾದದ್ದನ್ನು ಹೇಳುತ್ತದೆ.

ನಾಲ್ಕನೇ ಜಿನೀವಾ ಒಪ್ಪಂದ ತೆರೆದು ನೋಡಿ. ಆಕ್ರಮಿತ ಪ್ರದೇಶದ ಜನರಿಗೆ ಆಹಾರ, ಔಷಧ ಸಿಗುವಂತೆ ತನ್ನ ಶಕ್ತಿಯಿರುವಷ್ಟೂ ನೋಡಿಕೊಳ್ಳುವುದು ಆ ಪ್ರದೇಶವನ್ನು ಹಿಡಿದವರ ಕರ್ತವ್ಯ ಎನ್ನುತ್ತದೆ 55ನೇ ವಿಧಿ. ಅಲ್ಲಿ ಇರುವುದು ಸಾಲದಿದ್ದರೆ ಹೊರಗಿನಿಂದ ತರಿಸಿಕೊಡಬೇಕು. ಅಷ್ಟಾಗಿಯೂ ಜನಕ್ಕೆ ಕೊರತೆಯಾದರೆ 59ನೇ ವಿಧಿ ಅನ್ವಯಿಸುತ್ತದೆ: ಬೇರೆ ದೇಶಗಳು ಅಥವಾ ನಿಷ್ಪಕ್ಷಪಾತ ಸಂಸ್ಥೆಗಳು ತರುವ ನೆರವಿಗೆ ಒಪ್ಪಲೇಬೇಕು, ಅದಕ್ಕೆ ದಾರಿಯನ್ನೂ ಮಾಡಿಕೊಡಬೇಕು. 60ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊರಗಿನವರು ತಂದು ಹಂಚಿದರೂ ಹಿಡಿದವರ ಮೂಲ ಹೊಣೆ ಕಳೆಯುವುದಿಲ್ಲ ಎನ್ನುತ್ತದೆ. ಸೆರೆಮನೆಯ ಅಧಿಕಾರಿ ಕೈದಿಗೆ ಊಟ ಕೊಟ್ಟರೆ ನಾವು ಅದನ್ನು ದಾನ ಎನ್ನುತ್ತೇವೆಯೇ? ಬಾಗಿಲಿನ ಬೀಗದ ಕೈ ಯಾರ ಬಳಿ ಇದೆಯೋ ಒಳಗಿರುವವರ ಹೊಟ್ಟೆಯ ಹೊಣೆಯೂ ಅವರದೇ.

'ಹಾಗೆ ಬಿಟ್ಟರೆ ಎಲ್ಲ ಹಮಾಸ್ ಪಾಲಾಗುತ್ತದೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಶತ್ರುಸೇನೆಗೆ ಲಾಭವಾಗುವ ಗಂಭೀರ ಭಯವಿದ್ದರೆ ಸರಕು ತಡೆಯಲು ಅದೇ ಒಪ್ಪಂದದ 23ನೇ ವಿಧಿ ಅವಕಾಶ ಕೊಡುತ್ತದೆ, ನಿಜ. ಆದರೆ ಆಕ್ರಮಿತ ಪ್ರದೇಶಕ್ಕೆಂದೇ ಬರೆದ 59ನೇ ವಿಧಿಯಲ್ಲಿ ಆ ವಿನಾಯಿತಿ ಇಲ್ಲ. ಲಾರಿ ತಪಾಸಣೆ ಮಾಡಬಹುದು. ತಪಾಸಣೆಯ ಹೆಸರಿನಲ್ಲಿ ಜನರನ್ನು ಉಪವಾಸ ಕೆಡವುವಂತಿಲ್ಲ. 2025ರ ಮಾರ್ಚ್ 2ರಿಂದ ಸುಮಾರು 11 ವಾರ ಗಾಜಾಕ್ಕೆ ನೆರವಿನ ಸರಕು ಹೋಗದಂತೆ ಇಸ್ರೇಲ್ ತಡೆಯಿತು. ಅದೇ ವರ್ಷ ಅಕ್ಟೋಬರ್ 22ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ, ಜನರಿಗೆ ಕೊರತೆಯಿರುವಾಗ ನೆರವಿಗೆ ಒಪ್ಪುವ ಹೊಣೆಗೆ ಷರತ್ತಿಲ್ಲ, ಪ್ಯಾಲೆಸ್ತೀನ್ ನಿರಾಶ್ರಿತರಿಗಾಗಿರುವ ವಿಶ್ವಸಂಸ್ಥೆಯ ಸಂಸ್ಥೆಯ ಮೂಲಕ ಬರುವ ನೆರವಿಗೂ ಇಸ್ರೇಲ್ ದಾರಿ ಬಿಡಬೇಕು ಎಂದು ಸ್ಪಷ್ಟವಾಗಿ ಹೇಳಿತು.

'2005ರಲ್ಲೇ ಇಸ್ರೇಲ್ ಗಾಜಾ ಬಿಟ್ಟು ಹೋಯಿತಲ್ಲ, ಅದು ಆಕ್ರಮಿತ ಪ್ರದೇಶ ಹೇಗಾಗುತ್ತದೆ' ಎನ್ನುವವರಿಗೂ ಅದೇ ನ್ಯಾಯಾಲಯ 2024ರ ಜುಲೈ 19ರಂದು ಉತ್ತರ ಕೊಟ್ಟಿದೆ: ಆಕಾಶ, ಕಡಲು, ಗಡಿದ್ವಾರಗಳ ಮೇಲೆ ಹಿಡಿತ ಎಷ್ಟು ಉಳಿದಿದೆಯೋ ಹೊಣೆಯೂ ಅಷ್ಟು ಉಳಿಯುತ್ತದೆ.

ಯುದ್ಧ, ನೆರವುಗಳ ಬಗ್ಗೆ ಇಂಥವೇ ಉಳಿದ ತಪ್ಪು ನಂಬಿಕೆಗಳಿಗೆ ಒಂದೆರಡು ಮಾತು ಸಾಕು. ರೆಡ್ ಕ್ರಾಸ್ ಸಮಿತಿ ವಿಶ್ವಸಂಸ್ಥೆಯ ಅಂಗವಲ್ಲ. 1863ರಲ್ಲಿ, ವಿಶ್ವಸಂಸ್ಥೆ ಹುಟ್ಟುವ 82 ವರ್ಷ ಮೊದಲೇ, ಜಿನೀವಾದಲ್ಲಿ ಅದು ಶುರುವಾಯಿತು. ಸಲಹಾ ಅಭಿಪ್ರಾಯ ತಾನಾಗಿ ಯಾರನ್ನೂ ಕಟ್ಟಿಹಾಕದಿದ್ದರೂ ಅದು ವಿವರಿಸುವ ಒಪ್ಪಂದ ಒಪ್ಪಿಕೊಂಡವರನ್ನೆಲ್ಲ ಕಟ್ಟಿಹಾಕುತ್ತದೆ. 'ಮನಸ್ಸು ಮಾಡಿದರೆ ವಿಶ್ವಸಂಸ್ಥೆ ಎಲ್ಲಿಗೆ ಬೇಕಾದರೂ ಹೋಗಬಹುದು' ಎನ್ನುವವರು ಜಾರ್ಜಿಯಾವನ್ನು ನೋಡಲಿ: 2009ರ ಜೂನ್‌ನಲ್ಲಿ ರಷ್ಯಾದ ಒಂದು ವಿಟೊ ಅಲ್ಲಿನ ವಿಶ್ವಸಂಸ್ಥೆ ವೀಕ್ಷಕ ದಳವನ್ನೇ ಮನೆಗೆ ಕಳಿಸಿತು. ಯುರೋಪಿಯನ್ ಒಕ್ಕೂಟದ ನಿರಾಯುಧ ವೀಕ್ಷಕರು 2008ರಿಂದ ಜಾರ್ಜಿಯಾದಲ್ಲಿದ್ದರೂ ಅದರಿಂದ ಸಿಡಿದು ನಿಂತ ಅಬ್ಖಾಜಿಯಾ, ದಕ್ಷಿಣ ಒಸೇಟಿಯಾಗಳ ಒಳಗೆ ಕಾಲಿಡಲು ಅವರಿಗೆ ಬಿಟ್ಟಿಲ್ಲ. ಮಾತಿಗೆ ಕೂತರೆ ಎದುರಿನವರ ಆಡಳಿತಕ್ಕೆ ಮಾನ್ಯತೆ ಕೊಟ್ಟಂತಾಗುತ್ತದೆ ಎಂಬುದೂ ಸುಳ್ಳು; ಇದೇ ಜಾರ್ಜಿಯಾ ಬಿಕ್ಕಟ್ಟಿನ ಬಗ್ಗೆ 2008ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಜಿನೀವಾ ಮಾತುಕತೆಯ ಕಾರ್ಯಗುಂಪುಗಳಲ್ಲಿ ಎಲ್ಲರೂ ವ್ಯಕ್ತಿಗಳಾಗಿ ಕೂರುತ್ತಾರೆ.

ಇಷ್ಟೆಲ್ಲ ಯಾರಾದರೂ ಓದಬಹುದಾದ ದಾಖಲೆಗಳಲ್ಲಿದೆ. ಆದರೂ ಜನ ನಂಬುವುದು ಸ್ಟುಡಿಯೋದಲ್ಲಿ ಗಂಟಲು ಹರಿದುಕೊಳ್ಳುವವರನ್ನು. ಬಲವಿದ್ದವನು ಕೊಟ್ಟಷ್ಟೇ ಹಕ್ಕು ಎಂಬ ಹಳೆಯ ಭಾವನೆ ನಮ್ಮೊಳಗೇ ಬೇರುಬಿಟ್ಟಿದೆ. ಹಾಗಾಗಿ ಅದನ್ನು ಪುಷ್ಟೀಕರಿಸುವ ಯಾವ ಸುಳ್ಳೂ ನಮಗೆ ಸುಳ್ಳಾಗಿ ಕಾಣುವುದಿಲ್ಲ. ಪಡಿತರ ಚೀಟಿ ಕೊಟ್ಟ ಅಧಿಕಾರಿಗೆ ಕೈಮುಗಿಯುವವರು, ಪಿಂಚಣಿ ಮಂಜೂರಾದರೆ ಶಾಸಕರಿಗೆ ಹಾರ ಹಾಕುವವರು ನಾವು. ಅದೇ ಅಭ್ಯಾಸದಲ್ಲಿ ದೂರದ ಗಾಜಾದ ಮಗುವಿನ ಹಾಲೂ ಸೇನೆಯೊಂದರ ದೊಡ್ಡ ಮನಸ್ಸಿನ ಕೊಡುಗೆಯಂತೆ ಕಾಣುತ್ತದೆ.

ಇದು ಬರಿಯ ಪದಗಳ ಜಗಳವೆಂದು ಯಾರೂ ತಳ್ಳಿಹಾಕದಿರಲಿ. ಉಪಕಾರವಾದರೆ ನಿಲ್ಲಿಸಿದಾಗ ಬೇಡಿಕೊಳ್ಳಬೇಕು; ಕರ್ತವ್ಯವಾದರೆ ನಿಲ್ಲಿಸಿದವರಿಂದ ಉತ್ತರ ಕೇಳಬಹುದು. ಭಾರತ ಈ ಒಪ್ಪಂದಗಳನ್ನು 1950ರಲ್ಲೇ ಅನುಮೋದಿಸಿದೆ, 1960ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿದೆ. ಒಪ್ಪಂದವನ್ನು ತಾನು ಪಾಲಿಸುವುದಷ್ಟೇ ಸಾಲದು, ಇತರರೂ ಪಾಲಿಸುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ ಅದರ ಮೊದಲ ವಿಧಿ. ಆದ್ದರಿಂದ ಲಾರಿ ಯಾಕೆ ನಿಂತಿದೆ ಎಂದು ಕೇಳುವ ಹಕ್ಕು ನಮಗಿದೆ, ಕೇಳಬೇಕಾದ ಹೊಣೆಯೂ ನಮ್ಮ ಸರ್ಕಾರದ ಮೇಲಿದೆ.