ಕೊಬ್ಬಿನ ನಾಟಿಯೂ ಕಿವಿಗೆ ಕೇಳದ ದನಿಯೂ

ಹೊಸಕೋಟೆ, ದೇವನಹಳ್ಳಿಗಳ ಸೀಮೆಯಲ್ಲಿ ಪಾತಿಯಿಂದ ರಾಗಿಯ ಪೈರು ಕಿತ್ತು ಹೊಲದಲ್ಲಿ ನಾಟಿ ಮಾಡಿಸಿದ ಹಿರಿಯರನ್ನು ವಿಚಾರಿಸಿದರೆ, ಗುಣಿಗೊಂದೆರಡು ಪೈರು ಸಾಕೆಂದೂ, ಆಸೆಪಟ್ಟು ಹಿಡಿಹಿಡಿಯಾಗಿ ತುರುಕಿದರೆ ನಡುವಿನವು ಕೊಳೆತುಹೋಗುವುವೆಂದೂ ಹೇಳುವರು. ದೇಹದ ಒಂದೆಡೆಯ ಮೇದಸ್ಸನ್ನು ಹೀರಿ ಕೆನ್ನೆಗೋ ಸ್ತನಕ್ಕೋ ಪೃಷ್ಠಕ್ಕೋ ತುಂಬುವ ಸೌಂದರ್ಯ ಚಿಕಿತ್ಸೆಗೂ ಈ ಮಾತು ಸಲ್ಲುತ್ತದೆ. 1893ರಲ್ಲಿ ಜರ್ಮನಿಯ ಗುಸ್ತಾವ್ ನ್ಯೂಬರ್ ತೋಳಿನ ಕೊಬ್ಬಿನ ತುಣುಕುಗಳಿಂದ ಮುಖದ ಗಾಯದ ಕುಳಿಯನ್ನು ತುಂಬಿದಂದಿನಿಂದ ಇಂದಿನವರೆಗೆ ಸಲಕರಣೆಗಳು ಎಷ್ಟು ನಯವಾದರೂ ಈ ನಿಯಮವೊಂದು ಬದಲಾಗಿಲ್ಲ: ನೆಟ್ಟ ಕೊಬ್ಬಿಗೆ ತನ್ನದೆಂಬ ರಕ್ತನಾಳವಿಲ್ಲ, ಹೊಸ ನಾಳಗಳು ಚಿಗುರುವವರೆಗೆ ಅದು ಸುತ್ತಣ ಅಂಗಾಂಶದಿಂದ ಜಿನುಗುವ ಆಮ್ಲಜನಕವನ್ನು ನಂಬಿರಬೇಕು, ಆ ಜಿನುಗುವಿಕೆಯಾದರೋ ಒಂದೆರಡು ಮಿಲಿಮೀಟರಿನಾಚೆ ತಲುಪದು. ಹೀಗಾಗಿ ದಪ್ಪ ಗಡ್ಡೆಯಾಗಿ ತುಂಬಿದ ಕೊಬ್ಬಿನ ಅಂಚು ಬದುಕಿ ನಡು ಸಾಯುತ್ತದೆ.

ಸತ್ತ ಜೀವಕೋಶಗಳು ಒಡೆದು ಸುರಿಸಿದ ಎಣ್ಣೆ ಒಂದೆಡೆ ಮಡುಗಟ್ಟುವುದು. ದೇಹ ಅದರ ಸುತ್ತ ತೆಳ್ಳನೆಯ ಪೊರೆ ಕಟ್ಟುವುದು. ವರುಷಗಳು ಉರುಳಿದಂತೆ ಆ ಪೊರೆಗೆ ಸುಣ್ಣ ಕೂಡಿ ಮೊಟ್ಟೆಯ ಓಡಿನಂತಾಗುವುದೂ ಉಂಟು. ಬೆರಳಿಗೆ ಸಿಕ್ಕುವುದು ಒಂದು ಗಂಟು ಮಾತ್ರ. ಅದು ಎಣ್ಣೆಯ ಚೀಲವೋ, ಕೀವೋ, ಅರ್ಬುದವೋ ಎಂಬುದನ್ನು ಬೆರಳು ಹೇಳಲಾರದು.

ಇಲ್ಲಿ ಶ್ರವಣಾತೀತ ಧ್ವನಿಯ, ಎಂದರೆ ಅಲ್ಟ್ರಾಸೌಂಡಿನ, ಪ್ರವೇಶ. ಹಾಳುಬಾವಿಗೆ ಕಲ್ಲೆಸೆದು ಸದ್ದಿನಿಂದ ಆಳವನ್ನು ಅಳೆಯುವ ಹಳ್ಳಿಯ ಹುಡುಗನ ಉಪಾಯವೇ ಇದರದೂ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಬಲ್ಲುದಾದರೆ, ಚರ್ಮದಡಿಯ ಅಂಗಾಂಶಗಳನ್ನು ನೋಡುವ ಪ್ರೋಬು ಹೊರಡಿಸುವುದು ಸುಮಾರು 70 ಲಕ್ಷದಿಂದ 1.5 ಕೋಟಿ ಕಂಪನಗಳನ್ನು. ತಣ್ಣನೆಯ ಜೆಲ್ ಸವರಿ ಅದನ್ನು ಗಂಟಿನ ಮೇಲೆ ಆನಿಸಿದಾಗ, ನಿರ್ಮಲವಾದ ಎಣ್ಣೆಯ ಚೀಲ ಪರದೆಯ ಮೇಲೆ ಕಪ್ಪು ದುಂಡಾಗಿ ಮೂಡುತ್ತದೆ; ಧ್ವನಿ ತಡೆಯಿಲ್ಲದೆ ಹಾಯ್ದುದರಿಂದ ಅದರ ಹಿಂಬದಿ ಬೆಳ್ಳಗೆ ಹೊಳೆಯುತ್ತದೆ. ಪೊರೆಗೆ ಸುಣ್ಣ ಕಟ್ಟಿದ್ದರೆ ಮುಂಬದಿ ಬೆಳ್ಳಗಾಗಿ ಹಿಂದೆ ನೆರಳು ಬೀಳುವುದು. ಕೀವುಗಡ್ಡೆಯಾದರೆ ಪ್ರೋಬಿನಿಂದ ಮೆಲ್ಲನೆ ಒತ್ತಿದೊಡನೆ ಒಳಗಿನ ಕದಡು ಸುಳಿಯುವುದನ್ನು ಕಣ್ಣಾರೆ ಕಾಣಬಹುದು. ರಕ್ತದ ಹರಿವನ್ನು ತೋರುವ ಡಾಪ್ಲರ್ ಗುಂಡಿ ಒತ್ತಿದರೆ ಅದರ ಗೋಡೆಯ ಸುತ್ತ ರಕ್ತದ ಬಣ್ಣಗಳು ಮಿನುಗುವುವು. ಸತ್ತ ಕೊಬ್ಬಿನ ನಡುವೆ ಯಾವ ಬಣ್ಣವೂ ಇಲ್ಲ. (ಆ ಕೆಂಪು-ನೀಲಿ ಶುದ್ಧ-ಅಶುದ್ಧ ರಕ್ತದ ಗುರುತಲ್ಲ, ರಕ್ತ ಪ್ರೋಬಿನತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂಬುದಷ್ಟೇ.) ಕೊಬ್ಬೆಂದು ಹೇಳಿ ದ್ರವ ಸಿಲಿಕೋನನ್ನು ಚುಚ್ಚಿದ ವಂಚನೆಯನ್ನೂ ಈ ಯಂತ್ರ ಬಯಲಿಗೆಳೆಯಬಲ್ಲುದು: ಪರದೆಯ ತುಂಬ ದಟ್ಟ ಮಂಜು ಕವಿಯುತ್ತದೆ.

ಯಂತ್ರದ ಮಾತೇ ಅಂತಿಮವೆಂದು ಮಾತ್ರ ತಿಳಿಯತಕ್ಕದ್ದಲ್ಲ. ಸ್ತನದಲ್ಲಿ ಸತ್ತ ಕೊಬ್ಬು ಕೆಲವೊಮ್ಮೆ ಕ್ಯಾನ್ಸರಿನ ವೇಷವನ್ನೇ ತೊಟ್ಟು ನಿಲ್ಲುವುದು. ಆಗ ಮ್ಯಾಮೊಗ್ರಾಂ ಬೇಕು, ಸೂಜಿಯಿಂದ ತುಣುಕು ತೆಗೆದು ನೋಡುವುದೂ ಬೇಕಾದೀತು.

ಎಲ್ಲಕ್ಕಿಂತ ಘೋರವಾದ ತೊಡಕು ಪೃಷ್ಠದ್ದು. ಸೂಜಿ ಸ್ನಾಯುವಿನೊಳಗೆ ಇಳಿದು ಅಲ್ಲಿನ ದೊಡ್ಡ ಅಭಿಧಮನಿಗೆ ಪೆಟ್ಟಾದರೆ, ಕೊಬ್ಬು ಹೃದಯದ ಮೂಲಕ ಶ್ವಾಸಕೋಶವನ್ನು ಸೇರಿ ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲುದು. ಇದನ್ನು ಆಮೇಲೆ ಪತ್ತೆಮಾಡಿ ಫಲವೇನು? ಆದುದರಿಂದಲೇ 2018ರಲ್ಲಿ ಹಲವು ದೇಶಗಳ ಪ್ಲಾಸ್ಟಿಕ್ ಸರ್ಜನ್ನರ ಸಂಘಗಳು ಕೂಡಿ, ಸ್ನಾಯುವಿಗೆ ಚುಚ್ಚಲೇಬಾರದೆಂದು ಎಚ್ಚರಿಸಿದವು. ಅಮೆರಿಕದ ಫ್ಲಾರಿಡಾ ರಾಜ್ಯವಂತೂ ಸೂಜಿಯ ತುದಿ ಎಲ್ಲಿದೆಯೆಂದು ಚಿಕಿತ್ಸೆಯ ನಡುವೆಯೇ ಅಲ್ಟ್ರಾಸೌಂಡಿನಲ್ಲಿ ನೋಡುತ್ತಿರಬೇಕೆಂದು ಕಟ್ಟಳೆ ಮಾಡಿತು. ನನ್ನ ಮಟ್ಟಿಗೆ ಇದು ಎಲ್ಲೆಡೆಗೂ ತಕ್ಕ ಕಟ್ಟಳೆ.

ದೊಡ್ಡಬಳ್ಳಾಪುರ, ನೆಲಮಂಗಲಗಳ ಸ್ಕ್ಯಾನಿಂಗ್ ಸೆಂಟರುಗಳ ಗೋಡೆಯ ಮೇಲೆ, 1994ರ ಕಾಯಿದೆಯಂತೆ, ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕ ತೂಗುತ್ತದೆ. ಅದನ್ನು ನೋಡಿ ನೋಡಿ ಸ್ಕ್ಯಾನೆಂದರೆ ಬಸುರಿಯರದೆಂಬ ಭಾವನೆ ನಮ್ಮ ಜನದಲ್ಲಿ ಬೇರೂರಿದೆ. ಬೆಂಗಳೂರಿನಲ್ಲಿ ಗುಟ್ಟಾಗಿ ಕೊಬ್ಬು ತುಂಬಿಸಿಕೊಂಡು ಬಂದವಳು, ನಾಲ್ಕು ವರುಷದ ತರುವಾಯ ಗಂಟು ಕೈಗೆ ಸಿಕ್ಕಾಗ ಅದೇ ಸೆಂಟರಿನ ಬೆಂಚಿನ ಮೇಲೆ ಅತ್ತೆಯ ಪಕ್ಕದಲ್ಲಿ ಕುಳಿತು, ಹಳೆಯ ಚಿಕಿತ್ಸೆಯ ಸುದ್ದಿಯನ್ನೇ ಎತ್ತದಿರುವುದು ಸಹಜ. ಆದರೆ ಆ ಸಂಗತಿ ತಿಳಿಯದ ವೈದ್ಯರು ಎಣ್ಣೆಯ ಗಂಟಿನಲ್ಲಿ ಕ್ಯಾನ್ಸರನ್ನು ಶಂಕಿಸಬೇಕಾದೀತು. ಒಳಗೆ ಹೋದ ಮೇಲಾದರೂ, ಯಾವ ವರುಷ, ಯಾವ ಜಾಗಕ್ಕೆ, ಎಷ್ಟು ಮಿಲಿಲೀಟರ್ ತುಂಬಿಸಿದರೆಂಬ ಚೀಟಿಯನ್ನು ವೈದ್ಯರ ಕೈಗೆ ಕೊಡಿ, ತಾಯಿ.