ಕೂಟ ಮೊದಲೋ, ಕೋವಿ ಮೊದಲೋ?

ಒಂದು ಎಕೆ-56, ಮೂರು ತ್ರೀನಾಟ್‌ತ್ರೀ ರೈಫಲು, ಒಂದು ಹನ್ನೆರಡು ಬೋರಿನ ಕೋವಿ, ಒಂದು ನಾಡಪಿಸ್ತೂಲು. ಮಲೆನಾಡಿನ ನಕ್ಸಲರ ಹತ್ತಿರ ಕೊನೆಗೆ ಉಳಿದಿದ್ದು ಇಷ್ಟು. 2025ರ ಜನವರಿ 8ರಂದು ಮುಂಡಗಾರು ಲತಾ ಮತ್ತು ಐವರು ಸಂಗಾತಿಗಳು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಎದುರು ಶರಣಾದರು. ಆಯುಧಗಳು ಆಮೇಲೆ ಕೊಪ್ಪ ತಾಲ್ಲೂಕಿನ ಜಯಪುರದ ಹತ್ತಿರ, ಕಿತ್ತಲೆಗುಳಿಯ ಕಾಡಿನಲ್ಲಿ ಸಿಕ್ಕವು. ತ್ರೀನಾಟ್‌ತ್ರೀ ಅಂದರೆ ಬ್ರಿಟಿಷರ ಕಾಲದ ಬಂದೂಕು. ನಮ್ಮ ಠಾಣೆಗಳ ಪೊಲೀಸರು ದಶಕಗಟ್ಟಲೆ ಹೆಗಲಿಗೆ ಹಾಕಿಕೊಂಡು ತಿರುಗಿದ್ದೂ ಅದನ್ನೇ.

ಶರಣಾದವರಿಗೆ ಸರ್ಕಾರ ದರ್ಜೆ ಕೊಟ್ಟಿತು. ‘ಎ’ ದರ್ಜೆಗೆ ಏಳೂವರೆ ಲಕ್ಷ ರೂಪಾಯಿ, ‘ಬಿ’ಗೆ ನಾಲ್ಕು ಲಕ್ಷ, ‘ಸಿ’ಗೆ ಎರಡು ಲಕ್ಷ. ಆಯುಧ ಒಪ್ಪಿಸಿದರೆ ಅದಕ್ಕೆ ಬೇರೆ ಹಣ. ಈ ಸುದ್ದಿ ಓದಿದ ದಿನದಿಂದ ನನಗೊಂದು ಪ್ರಶ್ನೆ ಹತ್ತಿಕೊಂಡಿತು. ಕಾಡು ಸೇರಿ ಸರ್ಕಾರದ ವಿರುದ್ಧ ನಿಂತವನ ಕಸುಬನ್ನು ಅಳೆಯುವ ಈ ಕೆಲಸ ನಮ್ಮ ಸೀಮೆಯಲ್ಲಿ ಎಲ್ಲಿಂದ ಶುರುವಾಯಿತು? ಅಳೆದವರು ಯಾರು, ಯಾವ ಕೋಲು ಹಿಡಿದು ಅಳೆದರು?

ಹುಡುಕುತ್ತಾ ಹೋದಾಗ ಕೈಗೆ ಸಿಕ್ಕಿದ್ದು ‘ಸಾಕಿ’ ಎಂಬ ಹೆಸರಿನಲ್ಲಿ ಪ್ರಕಟವಾದ ‘ಮೇಕಿಂಗ್ ಹಿಸ್ಟರಿ’. ಕರ್ನಾಟಕದ ಜನರ ಚರಿತ್ರೆಯ ಎರಡು ಸಂಪುಟಗಳು. ಮೊದಲನೆಯದು ಬಂದಿದ್ದು 1998ರಲ್ಲಿ, ಎರಡನೆಯದು 2004ರಲ್ಲಿ. ಸಾಕಿ ಅಂದರೆ ಸಾಕೇತ್ ರಾಜನ್. ಮೈಸೂರಿನ ಹುಡುಗ, ಪತ್ರಿಕೋದ್ಯಮ ಓದಿದವರು, ಕರ್ನಾಟಕದ ಮಾವೋವಾದಿಗಳ ನಾಯಕ. ಎರಡನೆಯ ಸಂಪುಟ ಪೂರ್ತಿ 1800ರಿಂದ 1857ರವರೆಗಿನ ಸಶಸ್ತ್ರ ಹೋರಾಟಗಳದ್ದು. ಅದರಲ್ಲಿ ನಮ್ಮ ನಗರ (ಬಿದನೂರು) ಸೀಮೆಯ 1830–31ರ ದಂಗೆಗೆ ದೊಡ್ಡ ಜಾಗ. ಪುಸ್ತಕ ಹೊರಬಂದ ಮರುವರ್ಷ, 2005ರ ಫೆಬ್ರವರಿ 6ರಂದು, ಮೆಣಸಿನಹಾಡ್ಯದ ಬಳಿಯ ಬಲಿಗೆಯಲ್ಲಿ ಪೊಲೀಸರ ಗುಂಡಿಗೆ ಅವರು ಬಲಿಯಾದರು. ಹಳೆಯ ಬಂಡಾಯಗಾರರ ಯುದ್ಧವನ್ನು ಅಷ್ಟು ಅಕ್ಕರೆಯಿಂದ ಓದಿ ಬರೆದವರೊಬ್ಬರು ಅದೇ ಘಟ್ಟದ ಕಾಡಿನಲ್ಲಿ ಬಂಡಾಯಗಾರರಾಗಿಯೇ ಸತ್ತರು. ಅವರ ದಾರಿ ನನ್ನದಲ್ಲ. ಆದರೂ ಈ ಸಂಗತಿ ನನ್ನನ್ನು ಬಿಟ್ಟಿಲ್ಲ.

ಅಳತೆಯ ಕತೆ ಶುರುವಾಗುವುದು ಚನ್ನಗಿರಿಯವನಾದ ಧೋಂಡಿಯಾ ವಾಘ್‌ನಿಂದ. ಹೈದರನ ಕುದುರೆ ಪಡೆಯಲ್ಲಿದ್ದವನು. ಟಿಪ್ಪು ಅವನನ್ನು ಶ್ರೀರಂಗಪಟ್ಟಣದ ಸೆರೆಯಲ್ಲಿಟ್ಟಿದ್ದ. 1799ರ ಮೇ ತಿಂಗಳಲ್ಲಿ ಕೋಟೆ ಬಿದ್ದಾಗ ಹೊರಬಂದ. ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರನ್ನು ಕಟ್ಟಿಕೊಂಡು ನೇರವಾಗಿ ಬಂದಿದ್ದು ನಮ್ಮ ಬಿದನೂರು ಸೀಮೆಗೆ. ಕಂಪನಿಯವರು ಹೊನ್ನಾಳಿ, ಶಿಕಾರಿಪುರಗಳಲ್ಲಿ ಅವನ ಜನರನ್ನು ಬಡಿದರು; ಅವನು ಹೊಳೆ ದಾಟಿ ತಪ್ಪಿಸಿಕೊಂಡ. ಮರುವರ್ಷ ಮತ್ತೆ ಎದ್ದು ‘ಉಭಯ ಲೋಕಾಧೀಶ್ವರ’ ಎಂದು ಕರೆದುಕೊಂಡ. ಬೆನ್ನು ಹತ್ತಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ ಡ್ಯೂಕ್ ಅನ್ನಿಸಿಕೊಂಡವನು.

ವೆಲ್ಲೆಸ್ಲಿಯ ಕಾಗದಗಳಲ್ಲಿ ಧೋಂಡಿಯಾ ಬರೀ ದರೋಡೆಕೋರ. ಆದರೆ ಆ ದರೋಡೆಕೋರನಿಗಾಗಿ ಅವನು ಮಾಡಿಕೊಂಡ ತಯಾರಿ ನೋಡಿ: ಎತ್ತುಗಳೆಷ್ಟು, ಅಕ್ಕಿಯೆಷ್ಟು, ತುಂಬಿದ ಹೊಳೆ ದಾಟಿಸಲು ಹರಿಗೋಲುಗಳೆಷ್ಟು, ಸುದ್ದಿ ತರುವ ಹರಕಾರರು ಯಾರು. ಧೋಂಡಿಯಾನ ಬಲ ಕತ್ತಿಯಲ್ಲಿಲ್ಲ, ಓಟದಲ್ಲಿದೆ ಎಂದು ಅವನಿಗೆ ಗೊತ್ತಾಗಿತ್ತು. ಹಾಗಾಗಿ ಧೋಂಡಿಯಾನಿಗೆ ಎಲ್ಲಿಯೂ ಕೂತು ಉಣ್ಣಲು ಬಿಡಲಿಲ್ಲ. 1800ರ ಸೆಪ್ಟೆಂಬರ್ 10ರಂದು ಕೋನಗಲ್‌ನಲ್ಲಿ ನಾಲ್ಕು ಕುದುರೆ ರೆಜಿಮೆಂಟುಗಳ ಮುಂದೆ ತಾನೇ ನಿಂತು ನುಗ್ಗಿದ, ಧೋಂಡಿಯಾ ಸತ್ತ. ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಇಟ್ಟುಕೊಂಡು, ಇಂಡಿಯಾ ಬಿಡುವಾಗ ಹುಡುಗನ ಖರ್ಚಿಗೆ ಹಣ ಬಿಟ್ಟುಹೋದ. ಕೆಲವೇ ವರ್ಷಗಳ ಮೇಲೆ ಸ್ಪೇನಿನಲ್ಲಿ ಇದೇ ಮನುಷ್ಯ ಅಲ್ಲಿನ ಗೆರಿಲ್ಲಾಗಳು ಫ್ರೆಂಚರಿಂದ ಕಿತ್ತು ತಂದ ಕಾಗದಗಳನ್ನು ನಂಬಿ ಯುದ್ಧ ಮಾಡಿದ. ಬಂಡಾಯಗಾರ ತನ್ನ ಕಡೆಯವನಾದಾಗ ದರೋಡೆಕೋರ ಎಂಬ ಮಾತು ಬರಲಿಲ್ಲ.

ಇನ್ನು ನಗರ ದಂಗೆ. ನಮ್ಮ ಮಕ್ಕಳ ಬಾಯಲ್ಲಿ ಈ ಹೆಸರು ಬರುವುದೇ ಇಲ್ಲ ಅನ್ನುವುದು ನನ್ನ ದೊಡ್ಡ ಸಂಕಟ. ಆಗ ತೀರ್ಥಹಳ್ಳಿ ಸೀಮೆಗೆ ಕವಲೇದುರ್ಗ ತಾಲ್ಲೂಕೆಂದು ಹೆಸರು, ನಗರದ ಫೌಜುದಾರಿಗೆ ಸೇರಿದ್ದು. ಈಗ ಶನಿವಾರ-ಭಾನುವಾರ ಕವಲೇದುರ್ಗ ಹತ್ತುವವರ ಕಾರುಗಳು ಗದ್ದೆ ಬದುವಿನವರೆಗೂ ನಿಂತಿರುತ್ತವೆ. ಕೋಟೆ ಬಾಗಿಲಲ್ಲಿ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಆ ಬಾಗಿಲು ಎಷ್ಟು ಇಕ್ಕಟ್ಟು, ಏರುದಾರಿ ಬಾಗಿಲ ಹತ್ತಿರ ಯಾಕೆ ತಿರುಗುತ್ತದೆ, ಒಳಗಿನ ಕಾವಲು ಜಗುಲಿಯಲ್ಲಿ ಕೂತವನಿಗೆ ಏನೇನು ಕಾಣುತ್ತದೆ ಎಂದು ನಿಂತು ನೋಡಿದರೆ ಮಲೆನಾಡಿನ ಯುದ್ಧದ ಮೊದಲ ಪಾಠ ಅಲ್ಲೇ ಸಿಗುತ್ತದೆ.

ದಂಗೆಯ ಮೂಲ ಷರ್ತಿ ಪದ್ಧತಿ. ಇಷ್ಟು ಕಂದಾಯ ಎತ್ತಿಕೊಡುತ್ತೇನೆ, ಕಡಿಮೆ ಬಿದ್ದರೆ ನಾನೇ ತುಂಬುತ್ತೇನೆ ಎಂದು ಅಮಲ್ದಾರ ಸರ್ಕಾರಕ್ಕೆ ಬರೆದುಕೊಡುವುದು. ಕೈಯಿಂದ ತುಂಬುವ ಅಮಲ್ದಾರ ಎಲ್ಲಿದ್ದಾನೆ? ರೈತನ ಕುತ್ತಿಗೆಗೇ ಬಂತು. 1830ರ ಆಗಸ್ಟಿನಲ್ಲಿ ರೈತರು ಹಳ್ಳಿಯಿಂದ ಹಳ್ಳಿಗೆ ಓಲೆ ಕಳಿಸಿ ಬಸವಾಪಟ್ಟಣದಲ್ಲಿ ಕೂಟ ಸೇರಿದರು. ಆ ಕೂಟದ ಬೆನ್ನಿಗೆ ಬಂದವನು ಬೂದಿ ಬಸಪ್ಪ. ಹುಟ್ಟಿದಾಗಿನ ಹೆಸರು ಸಾದರ ಮಲ್ಲ. ಜಂಗಮರೊಬ್ಬರ ಬಳಿ ಉಳಿದಿದ್ದ ನಗರದ ಅರಸರ ಮುದ್ರೆಗಳನ್ನು ಕೈಮಾಡಿಕೊಂಡು ತಾನೇ ‘ನಗರ ಖಾವಂದ’ ಎಂದ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಮೈಸೂರಿನಿಂದ ತಪ್ಪಿಸಿಕೊಂಡು ಬಂದು ಸೇರಿದ. ವರ್ಷ ಮುಗಿಯುವುದರೊಳಗೆ ಮಾತಿನ ಕೂಟ ಕೋವಿ ಹಿಡಿದಿತ್ತು.

ಇವರ ಯುದ್ಧದ ಕಸುಬು ಎಂಥದು? ಬಯಲಿಗೆ ಎಳೆದಾಗ ಇವರು ನಿಲ್ಲಲಿಲ್ಲ. ಕಾಡಿನೊಳಗೆ ಕಥೆಯೇ ಬೇರೆ. ಬಿದನೂರಿನ ಸುತ್ತ ಕೆಳದಿಯವರ ಕಾಲದಿಂದಲೂ ಕಣಿವೆ ಕಣಿವೆಗೆ ಉಕ್ಕಡಗಳಿದ್ದವು. ಎರಡು ಗುಡ್ಡ ಹತ್ತಿರ ಬರುವ ಕಡೆ ದಾರಿಗೆ ತಡೆ ಕಟ್ಟುವುದು, ಅದರ ಆಚೀಚೆ ಮಟ್ಟಿಯಲ್ಲಿ ಜನ ಕೂರುವುದು. ಒಂದು ತೋಪು ಎಳೆದು ತರಲು ಹತ್ತಾರು ಎತ್ತು ಬೇಕಾದ ಪಡೆಗೆ ಅಂಥ ದಾರಿಯಲ್ಲಿ ತಿರುಗಿ ನಿಲ್ಲಲೂ ಜಾಗವಿಲ್ಲ. ಕಂಪನಿಯ ಒಂದು ತುಕಡಿ ತಡೆ ಒಡೆಯಲಾಗದೆ ಶಿವಮೊಗ್ಗಕ್ಕೆ ಹಿಂದಿರುಗಿತು. ಆಮೇಲೆ ಕರ್ನಲ್ ಇವಾನ್ಸ್ ಹೆಚ್ಚಿನ ಬಲದೊಂದಿಗೆ ಬಂದು 1831ರ ಜೂನ್‌ನಲ್ಲಿ ನಗರ ಹಿಡಿದ. ಜೂನ್ ಅಂದರೆ ನಮ್ಮಲ್ಲಿ ಮಳೆ ಹಿಡಿಯುವ ತಿಂಗಳು. ಮದ್ದು ಒದ್ದೆಯಾದರೆ ಯಾರ ಕೋವಿಯೂ ಹಾರುವುದಿಲ್ಲ; ಆಗ ಉಳಿಯುವುದು ಸೊಂಟದ ಕತ್ತಿ, ಕಂಬಳಿಕೊಪ್ಪೆ, ಯಾವ ಹಳ್ಳಕ್ಕೆ ಎಲ್ಲಿ ಸಂಕ ಇದೆ ಎಂಬ ತಿಳಿವಳಿಕೆ. ಉಂಬಳ ಕಚ್ಚುವ ಹಾಡ್ಯದಲ್ಲಿ ರಾತ್ರಿ ಕಳೆಯುವುದನ್ನು ಈ ಜನಕ್ಕೆ ಯಾವ ಸುಬೇದಾರನೂ ಕಲಿಸಬೇಕಿರಲಿಲ್ಲ. ನಗರ ಬಿದ್ದ ಮೇಲೂ ಸೀಮೆ ಕೂಡಲೇ ತಣ್ಣಗಾಗಲಿಲ್ಲ.

1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಗೆ ಅದು ಮತ್ತೆ ಬರಲಿಲ್ಲ. ಅರಮನೆಗೆ ಮರಳಿದ್ದು 1881ರಲ್ಲಿ. ದಂಗೆಯ ವಿಚಾರಣೆಗೆ ಹಾಕರ್, ಮಾರಿಸನ್, ಮೆಕ್ಲಿಯಾಡ್, ಕಬ್ಬನ್ ಎಂಬ ನಾಲ್ವರ ಸಮಿತಿ ಕೂತು, 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಉಳಿದಿರುವುದು ಇದೇ ಮಾರ್ಕ್ ಕಬ್ಬನ್ನನ ಹೆಸರು. ಈ ಸಮಿತಿ ಮುಖ್ಯವಾಗಿ ಕೇಳಿದ್ದು ರೈತ ಯಾಕೆ ಎದ್ದ ಎಂದು. ಎದ್ದವನು ಹೇಗೆ ಹೋರಾಡಿದ ಎಂಬುದು ಅವರಿಗೆ ಆಮೇಲಿನ ಮಾತು. ಕಂಪನಿಗೆ ಅದರದೇ ಸ್ವಾರ್ಥವಿತ್ತು, ಅರಮನೆಯ ದುರಾಡಳಿತ ಸಾಬೀತಾದರೆ ರಾಜ್ಯ ಕೈಯಲ್ಲೇ ಉಳಿಯುತ್ತದೆ. ಆದರೂ ಬಂಡಾಯಗಾರನ ಹಿಂದಿನ ಕಂದಾಯದ ಲೆಕ್ಕ ಬಿಚ್ಚಿದ ವಿಚಾರಣೆ ಅದು. ನಂತರದ ಅಳತೆಗಾರರಲ್ಲಿ ಆ ತಾಳ್ಮೆ ಕಾಣಲಿಲ್ಲ.

ಮುಂದಿನ ನೂರೆಪ್ಪತ್ತು ವರ್ಷ ದಾಟಿಬಿಡೋಣ. 2001ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ ಬಂತು, ಒಳಗಿದ್ದ ಕುಟುಂಬಗಳಿಗೆ ಒಕ್ಕಲೇಳುವ ಭಯ ಹುಟ್ಟಿತು. ಸಾಕೇತ್ ರಾಜನ್‌ರ ತಂಡ ನೆಲೆ ಹುಡುಕಿದ್ದು ಆ ಭಯದಲ್ಲಿ. 2003ರ ನವೆಂಬರ್ 17ರಂದು ಕಾರ್ಕಳದ ಈದುವಿನಲ್ಲಿ ಪಾರ್ವತಿ, ಹಾಜಿಮಾ ಎಂಬ ತಂಡದ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತಾಗ ನಕ್ಸಲರು ಇಲ್ಲಿರುವುದು ರಾಜ್ಯಕ್ಕೆಲ್ಲ ಗೊತ್ತಾಯಿತು. ಕಾರ್ಕಳದಲ್ಲಿ ನಕ್ಸಲ್ ನಿಗ್ರಹ ಪಡೆ ನೆಲೆ ಮಾಡಿತು. ಆಗುಂಬೆ ಘಾಟಿಯಲ್ಲಿ ಬಸ್ಸು ನಿಲ್ಲಿಸಿ ಚೀಲ ತಪಾಸಣೆ ಮಾಡುವುದು ನಮಗೆಲ್ಲ ಮಾಮೂಲಾಯಿತು. ಪೊಲೀಸರ ಲೆಕ್ಕ ಸರಳ: ತಂಡದಲ್ಲಿ ಎಷ್ಟು ಜನ, ಎಷ್ಟು ಕೋವಿ, ಯಾವ ಮನೆಯಲ್ಲಿ ಅಕ್ಕಿ ಕೇಳಿದರು.

ಈ ಅಕ್ಕಿಯ ವಿಷಯ ಸಣ್ಣದಲ್ಲ. 1831ರ ಹೋರಾಟಗಾರನಿಗೆ ಅನ್ನ ಅವನ ಮನೆಯಿಂದಲೇ ಬರುತ್ತಿತ್ತು, ಅವನು ಆ ಊರಿನ ರೈತ. 2005ರವನು ಕತ್ತಲಾದ ಮೇಲೆ ಇನ್ನೊಬ್ಬರ ಬಾಗಿಲು ತಟ್ಟಬೇಕಿತ್ತು. ಕೊಟ್ಟ ಮನೆಯವರಿಗೆ ಬೆಳಗ್ಗೆ ಪೊಲೀಸರ ಕಾಟ, ಕೊಡದಿದ್ದರೆ ಮನಸ್ಸಿಗೆ ಹಿಂಸೆ. ನಗರ ದಂಗೆಯನ್ನು ಸಾಕಿ ಗೆರಿಲ್ಲಾ ಯುದ್ಧವೆಂದು ಓದಿದರು, ಕಾಡಿನ ತಂತ್ರವನ್ನು ಸರಿಯಾಗಿ ಗುರುತಿಸಿದರು. ಆದರೆ ನಗರದಲ್ಲಿ ಮೊದಲು ಕೂಟ, ಆಮೇಲೆ ಕೋವಿ. ಇವರದರಲ್ಲಿ ಕೋವಿ ಮೊದಲೇ ಬಂತು; ಬಸವಾಪಟ್ಟಣದಂಥ ಕೂಟ ಸೇರಲಿಲ್ಲ. ಅಷ್ಟು ಓದಿದ ಮನುಷ್ಯ ಇದನ್ನು ಯಾಕೆ ಕಾಣಲಿಲ್ಲ ಎಂದು ನನಗೆ ಈಗಲೂ ನೋವಾಗುತ್ತದೆ. 2024ರ ನವೆಂಬರಿನಲ್ಲಿ ಹೆಬ್ರಿಯ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡೇಟಿಗೆ ಬಲಿಯಾದ. ಕಾಡಿನಲ್ಲಿ ಉಳಿದವರು ಬೆರಳೆಣಿಕೆಯ ಜನ, ಅವರೂ ಹೊರಬಂದರು.

ಪೊಲೀಸರ ಕಡತದಲ್ಲಿ ಇದಕ್ಕೆ ಜಯ ಎಂದು ಬರೆದಿರಬಹುದು. ಷರ್ತಿಯ ಲೆಕ್ಕ ಬಿಚ್ಚಿದಂತೆ ಕುದುರೆಮುಖದ ಲೆಕ್ಕವನ್ನೂ ಬಿಚ್ಚುವ ಒಂದು ಸಮಿತಿ ನಮಗೆ ಬೇಕು. ಒಕ್ಕಲೇಳುವುದೆಂದರೆ ಏನು ಎಂದು ಅದರ ಮುಂದೆ ಸಾಕ್ಷಿ ಹೇಳುವ ಜನ ಇನ್ನೂ ಬದುಕಿದ್ದಾರೆ, ದೂರವೂ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ ಮುಳುಗಿಸಿಕೊಂಡು ಎದ್ದುಬಂದವರ ಮಕ್ಕಳು ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಮೊದಲು ಅವರನ್ನು ಕರೆದು ಕೂರಿಸಿ ಕೇಳಲಿ.